ಗಿಡುಗ ಯಾರಿಗೂ ಹೊಡೆಯುವುದಿಲ್ಲ

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಕೋಣೆಯ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ರೇಷ್ಮೆ ನೇಕಾರರು ಕೂತಿದ್ದರು. ಹಿರಿಯನ ತಲೆಗೆ ಕಿರಿಯ ಟವೆಲ್ ಒತ್ತಿ ಹಿಡಿದಿದ್ದ. ಟವೆಲ್ ರಕ್ತದಲ್ಲಿ ತೊಯ್ದಿತ್ತು.

“ಮೆಲ್ಲಗ್ ಒತ್ಲಾ, ಸತೀಶ.”

“ಒತ್ತೀನಿ ಭಾವ. ಆದ್ರೆ ಆ ಒಸ ಪಿಚ್ಚರ್ ಚೆಂದಾಗದೆ ಅಂತ ಇನ್ನೊಂದ್ಸಲ ಅಂದ್ರೆ, ಈ ಕಡೆನೂ ನಿಮ್ ಬುರ್ಡೆ ಒಡ್ದಾಕ್ತೀನಿ.”

“ಫೈಟು ಚೆಂದಾಗದೆ ಅಂದೆ, ಅಷ್ಟೇಯ.”

“ಅದೇ ತಪ್ಪು! ಇಪ್ಪತ್ ವರ್ಸದ ಅಳೇ ಪಿಚ್ಚರ್ಲಿ ನಮ್ ಹೀರೋ ಉಕ್ಕಿನ ಗಿಡುಗ ಒಬ್ಬುರ್ಗಾದ್ರೂ ಒಡುದ್ನಾ? ಆರ್ಕಂಡ್ ಬಂದು ಜನಾನ ಕಾಪಾಡ್ತಿದ್ದ. ಈಗ ಅವನ್ನೇ ವಾಪಸ್ ತಂದು, ಅವನ್ ಕೈಲೇ ಕಂಡೋರ್ ಕತ್ತು ಕೀಳುಸ್ತಾವ್ರೆ. ಆ ಡೈರೆಕ್ಟ್ರು ಸಿಕ್ಲಿ, ಕರುಳ್ ಬಗೀತೀನಿ.”

“ಒಡುದ್ರೆ ಒಡ್ದೆ, ಲಾಳಿಲಿ ಒಡುದ್ಯಲ್ಲೋ. ಆಯುಧಪೂಜೆಲಿ ಕುಂಕುಮ ಇಡೋ ಲಾಳಿ ಅದು.”

ಸತೀಶ ತಲೆ ತಗ್ಗಿಸಿದ. “ಮಗ್ಗದ್ ಮುಂದೆ ಕೈಗ್ ಅದೇ ಸಿಕ್ತು ಭಾವ.”

ನರ್ಸ್ ಹೊರಗೆ ಬಂದು ಏನಾಯಿತೆಂದು ಕೇಳಿದರು.

“ನೇಯುವಾಗ ಲಾಳಿ ಚಿಮ್ಮಿ ಬಡೀತು ಸಿಸ್ಟರ್,” ಎಂದ ಭಾವ.

ಅವರು ಒಳಗೆ ಹೋದ ಮೇಲೆ ಸತೀಶ ಕಣ್ಣೊರೆಸಿಕೊಂಡ. “ನೀವೇ ನಿಜವಾದ್ ಗಿಡುಗ ಭಾವ.”

ಭಾವ ಗೋಡೆ ಹಿಡಿದು ಎದ್ದ. “ಒಲಿಗೆ ಮುಗೀಲಿ ಇರು. ಲಾಳಿ ಮುಟ್ಟಾಕಿಲ್ಲ, ಬರೀ ಕೈಲೇ ನಿನ್ ಮೂತಿ ಚಚ್ತೀನಿ. ನಾನು ಅಳೇ ಗಿಡುಗ ಅಲ್ಲ ಕಣ್ಲಾ, ಒಸಬ.”

ಇಬ್ಬರೂ ಒಳಗೆ ಹೋದರು.