ಕಿಟಕಿ ರಿಯಾಯಿತಿ

ತಲೆ ಅಲ್ಲಾಡಿಸ್ಬೇಡ ಕಣೋ ಓರಿನ್, ಅದು ಎರಡನೇ 'ಬೇಡ'. ಇನ್ನೊಂದ್ಸಲ ಕೇಳ್ತೀನಿ, ಆಗ ತಗೋತೀಯ. ನಂಗೊತ್ತಿಲ್ವಾ? ನಮ್ಮೂರಲ್ಲಿ ಮನೆಗೆ ಬೆಂಕಿ ಬಿದ್ದಿದ್ರೂ, ನೀರು ಬೇಕಾ ಅಂತ ಮೂರು ಸಲ ಕೇಳಿಸ್ಕೊಂಡೇ ಬಕೀಟು ಮುಟ್ಟೋದು! ಹಾಂ, ಕೇಳ್ದೆ ನೋಡು ಮೂರನೇ ಸಲ. ನಿಂಬೆ ಕೇಕು ಬೇಕೇನೋ?... ಆಹಾ! ಒಂದಲ್ಲ, ಎರಡು ತುಂಡು. ಇದಕ್ಕೆ ಇಷ್ಟು ನಾಟಕ.

ತಿನ್ನು, ತಿನ್ನು. ಕಿಟಕಿ ಚೆನ್ನಾಗಿ ಕೂತಿದೆ. ಹನ್ನೊಂದನೇದು... ಕೊನೇದು. ನೋಡು, ಪರದೆ ಒಂಚೂರೂ ಅಲ್ಲಾಡ್ತಿಲ್ಲ. ಹೋದ ಚಳಿಗಾಲದಲ್ಲಿ ಈ ಅಡುಗೆಮನೇಲಿ ಮೇಣದಬತ್ತಿ ಹಚ್ಚಿದ್ರೆ ಊದೋದೇ ಬೇಕಿರ್ಲಿಲ್ಲ, ತಾನಾಗೇ ಆರ್ತಿತ್ತು. ನಮ್ಮ ಯಜಮಾನ್ರು ಗೋರ್ಡನ್ ಇದ್ದಷ್ಟು ವರ್ಷ ಕಿಟಕಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸ್ತಿದ್ರು. ಗಾಳಿ ಬೀಸಿದ್ರೆ ರಾತ್ರಿಯಿಡೀ ಪಟಪಟ ಪಟಪಟ... ಚಿಪ್ಸ್ ಪೊಟ್ಟಣದೊಳಗೆ ಮಲಗಿದ ಹಾಗೆ! ನಗಬೇಡ. ಪಾಪ, ಅವರಿಗೆ ಅಷ್ಟೇ ಬರ್ತಿದ್ದಿದ್ದು.

ಕೋಟಾದ್ರೂ ಬಿಚ್ಚಬಾರ್ದೇನೋ ಪುಣ್ಯಾತ್ಮ? ಒಲೆಗೆ ಎರಡು ಕೊರಡು ಹಾಕಿದ್ದೀನಿ, ಹಣೇಲಿ ಬೆವರು ಇಳೀತಿದೆ, ಇನ್ನೂ ಗಂಟಲವರೆಗೆ ಗುಂಡಿ! ಮೊದಲನೇ ಕಿಟಕಿಗೆ ಬಂದಾಗ ಅಕ್ಟೋಬರ್, ಹೊರಗೆ ಬಿಸಿಲು ಹೊಡೀತಿತ್ತು. ಆವತ್ತೂ ಹೀಗೇ. ನಾನು ದಿನಾ ಬಸ್ ಓಡಿಸ್ಕೊಂಡು ಶಾಲೆಗೆ ಬಿಟ್ಟು ಬರೋ ಮಕ್ಕಳಿದ್ದಾವಲ್ಲ, ಅವೂ ಹೀಗೆ ಗುಂಡಿ ಹಾಕ್ಕೊಳ್ಳಲ್ಲ, ನಾನು ಬೈದ್ರೂ. ಗೊತ್ತು, ಗೊತ್ತು. ಕೋಟು ಬಿಚ್ಚಿದ್ರೆ ಊಟಕ್ಕೆ ನಿಲ್ಸಿಕೊಳ್ತಾಳೆ ಅಂತ ತಾನೇ ಭಯ? ಬಿಡು.

ಏಯ್! ರೇಡಿಯೋ ಹತ್ರ ಹೋಗ್ಬೇಡ! ಅದು... ಅದು ಕೆಟ್ಟಿದೆ. ತಿರುಗಿಸೋ ಗುಂಡೀನಾ? ಇತ್ತು, ಎಲ್ಲೋ ಬಿದ್ಹೋಯ್ತು. ಬೆಕ್ಕು ನುಂಗಿರಬೇಕು. ಯಾಕೆ ಹಾಗೆ ನೋಡ್ತೀ? ಈ ಬಿಷಪ್ ಏನು ಸಿಕ್ಕಿದ್ರೂ ನುಂಗುತ್ತೆ. ಹೆಸರಷ್ಟೇ ಬಿಷಪ್ಪು, ಪಾದ್ರಿಗಳ ಹಾಗೆ ಕೊರಳಲ್ಲಿ ಬಿಳೀ ಪಟ್ಟಿ ಇದೆ ಅಂತ. ಬುದ್ಧಿ ಪೂರಾ ಕಳ್ಳಂದು. ಅಲ್ಲೇ ಮೇಜಿನ ಮೇಲೆ ಮಲಗಿರ್ಲಿ, ಎಬ್ಬಿಸ್ಬೇಡ. ಕೂತ್ಕೊ. ಕೂತ್ಕೊಳೋ! ನಿನ್ನ ಹತ್ರ ವ್ಯವಹಾರದ ಮಾತು ಆಡೋದಿದೆ.

ವ್ಯವಹಾರ ಅಂದ್ರೆ... ಕಿಟಕಿ ರಿಯಾಯಿತಿ ವಿಷಯ. ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತಲ್ಲ! ಹೊಸ ಕಿಟಕಿ, ಬಾಗಿಲು ಹಾಕ್ಸಿದವ್ರು ಅದರ ಖರ್ಚನ್ನ ಆದಾಯದಲ್ಲಿ ಕಳೆದು ತೆರಿಗೆ ಕಟ್ಟಬಹುದು ಅಂತ ಸರ್ಕಾರದವರು ಕೊಟ್ಟಿದ್ರಲ್ಲ, ಆ ರಿಯಾಯಿತಿ ಈ ವರ್ಷಕ್ಕೆ ಕೊನೆ. ಊರಿಗೆ ಊರೇ ಹುಚ್ಚು ಹಿಡಿದು ಕೂತಿದೆ. ನಮ್ಮ ವಿಲ್ಮಾ ನೋಡು, ಅಂಚೆ ಹಂಚೋಳು. ಇರೋದು ನಾಲ್ಕು ಬಾಗಿಲಿನ ಮನೆ, ತರ್ಸಿರೋದು ಆರು ಬಾಗಿಲು! ಇನ್ನೆರಡು ಏನು ಮಾಡ್ತೀಯೇ ಅಂದ್ರೆ, "ಈಗ ತಗೊಂಡ್ರೆ ಲಾಭ, ಗೋಡೆ ಆಮೇಲೆ ಒಡೆಸ್ತೀನಿ" ಅಂತಾಳೆ. ಹೌದು ಕಣೋ, ಆಣೆಗೂ! ಇನ್ನು ಆ ಹೌಗನ್ ಮನೆಯವ್ರು, ಸೊಸೆ ತುಂಬು ಬಸುರಿ. ಮಗು ಮೂವತ್ತೊಂದರೊಳಗೆ ಹುಟ್ಟಿದ್ರೆ ಮಗುವಿನ ತೆರಿಗೆ ರಿಯಾಯಿತಿ ಈ ವರ್ಷಕ್ಕೇ ಸಿಗುತ್ತೆ ಅಂತ ಅತ್ತೆ ಆ ಹುಡುಗೀನ ಬೆಳಗ್ಗೆಯಿಂದ ಮೆಟ್ಟಿಲು ಹತ್ತಿಸ್ತಾಳೆ, ಇಳಿಸ್ತಾಳೆ. ಅವಳ ಗಂಡನೂ ಜೊತೆಗೆ ಹತ್ತುತ್ತಾನಂತೆ, ಧೈರ್ಯಕ್ಕೆ!

ನಗು, ನಗು. ಆದ್ರೆ ಅವರೂ ಏನು ಮಾಡ್ತಾರೆ? ನಮ್ಮಂಥ ದುಡಿದು ತಿನ್ನೋರಿಗೆ ಇಂಥದ್ದು ಕೈಗೆ ಸಿಗೋದೇ ಅಪರೂಪ. ಸಿಕ್ಕಿದ್ದಕ್ಕೂ ತಾರೀಕು ಹಾಕಿರ್ತಾರೆ, ಹಾಲಿನ ಡಬ್ಬಿ ಮೇಲೆ ಹಾಕಿದ ಹಾಗೆ. ಆ ತಾರೀಕು ಬರೋದ್ರೊಳಗೆ ಕುಡಿದು ಮುಗಿಸ್ಬೇಕು, ಹೊಟ್ಟೆ ಕೆಟ್ರೂ ಸರಿ. ಸರೋವರದ ದಂಡೇಲಿ ದೊಡ್ಡ ಬಂಗಲೆ ಕಟ್ಟಿದವ್ರು ಬೇಸಿಗೇಲೇ ಎಲ್ಲ ಮಾಡಿಸ್ಕೊಂಡು ಕಾಲು ಚಾಚಿ ಕೂತ್ರು. ನಾವು ಕಿಟಕಿಗೆ ಡಾಲರ್ ಕೂಡಿಸೋ ಹೊತ್ತಿಗೆ ಡಿಸೆಂಬರ್!

ಹೂಂ, ನಿಂದೂ ನಿಧಾನವೇ. ಏನೇ ಹೇಳು, ಶನಿವಾರಕ್ಕೊಂದೇ ಕಿಟಕಿ ಅಂದ್ರೆ ತೀರಾ ಕಮ್ಮಿಯಾಯ್ತು. ಚರ್ಚಿನ ಅಡುಗೆಮನೆಗೆ ಒಂದೇ ಬೆಳಗ್ಗೆ ಆರು ಕಿಟಕಿ ಕೂರಿಸಿದ್ಯಂತಲ್ಲ? ಇಲ್ಲಿ ಬಂದ್ರೆ ಒಂದು ಮೊಳೆ ಹೊಡೆಯೋದು, ಒಂದು ಕಾಫಿ; ಇನ್ನೊಂದು ಮೊಳೆ, ಇನ್ನೊಂದು ಕಾಫಿ. ಏನದು, ಭುಜ ಕುಣಿಸೋದು? ಮರ ಹಳೇದು ಅಂತಾನಾ? ಚರ್ಚಿಂದು ಇದಕ್ಕಿಂತ ಹಳೇದು ಮಾರಾಯ!

ಇರ್ಲಿ, ವಿಷಯಕ್ಕೆ ಬರ್ತೀನಿ. ಮೊನ್ನೆ ತೆರಿಗೆ ಲೆಕ್ಕ ಮಾಡೋ ಬರ್ನೀಸ್ ಹತ್ರ ಹೋಗಿದ್ದೆ. ಕಿಟಕಿ ರಸೀದಿಗಳನ್ನೆಲ್ಲ ಇಸ್ತ್ರಿ ಮಾಡಿದ ಹಾಗೆ ಮಡಿಸಿ ಇಟ್ಕೊಂಡು ಹೋದೆ. ಅವಳು ನೋಡಿದ್ಲು, ಕನ್ನಡಕ ತೆಗೆದ್ಲು, "ಆರ್ಡಿಸ್, ಕಳೆಯೋಕೆ ಏನಾದ್ರೂ ಇದ್ರೆ ತಾನೇ ಕಳೆಯೋದು? ನಿನ್ನ ಬಸ್ ಸಂಬಳಕ್ಕೆ ತೆರಿಗೆ ಬರೋದೇ ಬೆರಳ ತುದಿಯಷ್ಟು. ಈ ರಿಯಾಯಿತಿ ನಿನಗಲ್ಲ" ಅಂದ್ಬಿಟ್ಲು! ನೋಡೋ ಅನ್ಯಾಯ! ಬಡವಿ ಅಂತ ಕಿಟಕೀಲಿ ಗಾಳಿ ಬರುತ್ತೆ, ಅದಕ್ಕೇ ಕಿಟಕಿ ಹಾಕ್ಸಿದ್ರೆ ಬಡವಿ ಅಂತ ರಿಯಾಯಿತಿ ಇಲ್ಲ! ನಂಗೆ ಅಲ್ಲೇ ಅಳು ಬಂತು. ಅಳ್ಲಿಲ್ಲ, ಬರ್ನೀಸ್ ಮುಂದೆ ಯಾರು ಅಳ್ತಾರೆ.

ಆಗ ಯೋಚ್ನೆ ಮಾಡ್ದೆ. ನೀನು ಕೌಂಟಿ ರಸ್ತೆಲೆಲ್ಲ ಹಿಮ ತಳ್ಳೋ ಲಾರಿ ಓಡಿಸ್ತೀಯ, ಹಗಲು ರಾತ್ರಿ. ಒಂಟಿ ಗಂಡಸು, ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಕಳೆಯೋಕೆ ಏನೂ ಇಲ್ಲ. ನಿನ್ನ ಸಂಬಳದಿಂದ ತೆರಿಗೆಯವ್ರು ಸನಿಕೆಲಿ ಬಾಚ್ಕೊಂಡು ಹೋಗ್ತಾರೆ. ನನ್ ಹತ್ರ ಕಿಟಕಿ ಇದೆ, ತೆರಿಗೆ ಇಲ್ಲ. ನಿನ್ ಹತ್ರ ತೆರಿಗೆ ಇದೆ, ಕಿಟಕಿ ಇಲ್ಲ. ಅರ್ಥ ಆಯ್ತಾ? ಇಲ್ವಾ? ಗಂಡ ಹೆಂಡ್ತಿ ಆದ್ರೆ ಇಬ್ಬರದೂ ಒಂದೇ ಲೆಕ್ಕ ಕಣೋ! ಮೂವತ್ತೊಂದನೇ ತಾರೀಕು ಮದ್ವೆ ಆದ್ರೂ ವರ್ಷಪೂರ್ತಿ ಗಂಡ ಹೆಂಡ್ತಿ ಆಗಿದ್ದ ಹಾಗೇ ಲೆಕ್ಕ!

ಅಯ್ಯೋ! ಅಯ್ಯೋ, ಕಾಫಿ ಮೂಗಿಗೆ ಹೋಯ್ತಾ? ತಲೆ ತಟ್ಲಾ? ಕೆಮ್ಮು, ಚೆನ್ನಾಗಿ ಕೆಮ್ಮು... ಹಾಂ. ಸಮಾಧಾನ ಆಯ್ತಾ?

ಏನು, ತಲೆ ಅಲ್ಲಾಡಿಸ್ತಿದ್ದೀ? ಬೇಡ ಅಂತಾನಾ? ಸರಿ. ಒಂದನೇ 'ಬೇಡ'. ಲೆಕ್ಕ ಇಟ್ಕೊಂಡೆ.

ಗಾಬರಿ ಬೀಳ್ಬೇಡ ಪುಣ್ಯಾತ್ಮ, ಬರೀ ಕಾಗದದ ಮೇಲೆ! ನಿನ್ನ ಮನೇಲಿ ನೀನು, ನನ್ನ ಮನೇಲಿ ನಾನು. ಸರೋವರ ಹೆಪ್ಪುಗಟ್ಟಿದಾಗ ನೀನು ಮಂಜುಗಡ್ಡೆ ಕೊರೆದು, ಅದರ ಮೇಲೆ ಆ ಡಬ್ಬಿ ಗುಡಿಸ್ಲು ಇಟ್ಕೊಂಡು ಮೀನಿಗೆ ಕಾಯ್ತಾ ಕೂರ್ತೀಯಲ್ಲ, ಅದಕ್ಕೂ ನಾನು ಅಡ್ಡ ಬರಲ್ಲ. ಅಲ್ಲಿಗೆ ಬಿಸಿ ಸಾರು ಬೇಕಾದ್ರೆ ತಂದುಕೊಡ್ತೀನಿ, ಅದು ಬೇರೆ ವಿಷಯ. ನೀನು ಗೊರಕೆ ಹೊಡೀತೀಯಾ? ನಂಗೇನು, ಹೊಡ್ಕೋ! ಅಂದ್ರೆ... ನಿನ್ನ ಮನೇಲಿ. ಭಾನುವಾರ ಊಟಕ್ಕೆ ಬಂದ್ರೆ ಸಾಕು, ಜನ ಅನುಮಾನ ಪಡಬಾರ್ದಲ್ಲ. ಬುಧವಾರಾನೂ ಬಂದ್ರೆ ಇನ್ನೂ ಒಳ್ಳೇದು. ತೆರಿಗೆಯವ್ರು ಬಂದು ನೋಡಿದ್ರೆ? ಬಚ್ಚಲಲ್ಲಿ ನಿಂದೊಂದು ಹಲ್ಲುಜ್ಜೋ ಬ್ರಷ್ ಇರ್ಬೇಕಾಗುತ್ತೆ. ತಂದಿಟ್ಟಿದ್ದೀನಿ, ಹಸಿರು ಬಣ್ಣದ್ದು.

ಯಾಕೆ ಹುಬ್ಬು ಏರಿಸ್ತೀ? ಮುಂದಾಲೋಚ್ನೆ ಅಂತಾರೆ ಅದಕ್ಕೆ!

ಮದ್ವೆ ಪರವಾನಗಿ ಕೊಡೋ ಕೌಂಟಿ ಕಚೇರಿ ಮೂವತ್ತೊಂದರ ಮಧ್ಯಾಹ್ನದವರೆಗೂ ತೆಗೆದಿರುತ್ತೆ, ವಿಚಾರಿಸಿದ್ದೀನಿ. ಪಾದ್ರಿಗಳೂ ಬಿಡುವಾಗಿದ್ದಾರೆ. ಸಾಕ್ಷಿಗೆ ವಿಲ್ಮಾ ಬರ್ತಾಳೆ, ಬೇಕಾದ್ರೆ ಒಂದು ಬಾಗಿಲೂ ಉಡುಗೊರೆ ಕೊಡ್ತಾಳೆ. ಏನಂತೀಯ ಓರಿನ್? ವ್ಯವಹಾರ ಕಣೋ. ನಿಂಗೂ ಲಾಭ, ನಂಗೂ ಲಾಭ...

ಮತ್ತೆ ತಲೆ ಅಲ್ಲಾಡಿಸಿದ್ಯಾ.

ಎರಡನೇ 'ಬೇಡ'.

ಹೂಂ. ಸರಿ. ಕಾಫಿ ಹಾಕ್ಲಾ?... ಎಲ್ಲಿಗೆ ಎದ್ದೆ? ಹೊರಟ್ಯಾ? ನಿಲ್ಲು, ಸಲಕರಣೆ ಪೆಟ್ಟಿಗೆ ಹುಡುಕ್ತಿದ್ದೀಯಾ, ಬಾಗ್ಲ ಹತ್ರ ಇದೆ... ಅಲ್ಲ, ಆ ಕಡೆ ಅಲ್ಲ! ಬೆಕ್ಕನ್ನ ಯಾಕೆ ಎತ್ತುತ್ತೀ? ಓರಿನ್, ಬಿಷಪ್ಪನ್ನ ಕೆಳಗಿಡು! ಕಚ್ಚುತ್ತೆ! ಅದು... ಅದರ ಕೆಳಗೇನಿಲ್ಲ... ಅದು ಹಳೇ ಪೇಪರು, ಬೆಕ್ಕಿಗೆ ಬೆಚ್ಚಗಿರ್ಲಿ ಅಂತ ಹಾಸಿದ್ದು...

ಏನು ಓದ್ತಿದ್ದೀ ಅಷ್ಟು ಹೊತ್ತು?

ಏನು? 'ಕಿಟಕಿ ರಿಯಾಯಿತಿ ಇನ್ನೆರಡು ವರ್ಷ ಮುಂದಕ್ಕೆ'... ಹೌದಾ! ಅಯ್ಯೋ ದೇವ್ರೇ, ನಂಗೆ ಗೊತ್ತೇ ಇರ್ಲಿಲ್ಲ ನೋಡು! ಗುರುವಾರದ ಪೇಪರಾ? ನಾನೆಲ್ಲಿ ಪೇಪರ್ ಓದ್ತೀನಿ, ಬಸ್ಸಾಯ್ತು ಮನೆಯಾಯ್ತು. ಆ ಪುಟ ನಾನು ಕಣ್ಣೆತ್ತಿಯೂ ನೋಡಿಲ್ಲ, ಆಣೆಗೂ...

ಬೆರಳಿಟ್ಟು ಏನು ತೋರಿಸ್ತಿದ್ದೀ? ಪದಬಂಧ. ಅದೇ ಪುಟದಲ್ಲಿದೆಯಾ. ತುಂಬ್ಸಿದೆಯಾ. ಹಸಿರು ಶಾಯಿ... ಹೂಂ. ಬಸ್ಸಿನ ಹಾಜರಿಗೆ ಹಸಿರು ಶಾಯಿ ಬಳಸೋಳು ಊರಿಗೆಲ್ಲ ನಾನೊಬ್ಬಳೇ.

ಏನಾದ್ರೂ ಅನ್ನೋ! ಯಾವಾಗ್ಲೂ ಬಾಯಿ ಮುಚ್ಕೊಂಡೇ ಇರ್ತೀಯ ಸರಿ, ಈಗಲಾದ್ರೂ ಬೈಯಿ! ಹಾಗೆ ಸುಮ್ನೆ ನೋಡ್ಬೇಡ, ನಂಗೆ ಆಗಲ್ಲ...

ಸರಿ ಕಣೋ. ಹೌದು. ಗೊತ್ತಿತ್ತು. ಗುರುವಾರ ಬೆಳಗ್ಗೆ ರೇಡಿಯೋದಲ್ಲೂ ಬಂತು. ಊರೆಲ್ಲ ಖುಷಿಪಡ್ತು, ವಿಲ್ಮಾ ಇನ್ನೊಂದು ಬಾಗಿಲು ತರಿಸ್ತೀನಿ ಅಂತ ಕುಣಿದ್ಲು. ನಾನೊಬ್ಬಳೇ ಇಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆ! ಸರ್ಕಾರದವರಿಗೆ ಬೇರೆ ಕೆಲ್ಸ ಇಲ್ವಾ? ಎಲ್ಲದಕ್ಕೂ ಕೊನೇ ಗಳಿಗೆವರೆಗೂ ಸತಾಯಿಸ್ತಾರೆ, ನನ್ನ ಒಂದು ವಿಷಯಕ್ಕೆ ಮಾತ್ರ ಐದು ದಿನ ಮುಂಚೆ ಮುಂದಕ್ಕೆ ಹಾಕ್ಬೇಕಾ! ಇನ್ನೆರಡು ವರ್ಷ ಟೈಮಿದೆ ಅಂದ್ರೆ ನೀನು ಎರಡು ವರ್ಷ ಯೋಚ್ನೆ ಮಾಡ್ತೀಯ. ನಿನ್ನ ಬುದ್ಧಿ ನಂಗೊತ್ತಿಲ್ವಾ, ಎರಡನೇ ಕ್ಲಾಸಿಂದ ನೋಡಿದ್ದೀನಿ. ಸ್ಲೇಟು ಒರೆಸೋಕೂ ಯೋಚ್ನೆ ಮಾಡ್ತಿದ್ದೆ.

ಮುಗೀತಲ್ಲೋ ಓರಿನ್! ಹನ್ನೊಂದೂ ಮುಗೀತು. ಇನ್ನು ಮುಂದಿನ ಶನಿವಾರ ನೀನು ಯಾಕೆ ಬರ್ತೀಯ? ಬೆಳಗ್ಗೆ ಎದ್ದು ಒಲೆ ಹಚ್ಚಿ, ಕಾಫಿ ಕಾಯಿಸಿ, ನಿನ್ನ ಲಾರಿ ಸದ್ದು ತಿರುವಲ್ಲಿ ಕೇಳ್ಸುತ್ತಾ ಅಂತ ಕಿವಿಗೊಟ್ಟು ಕೂತಿರ್ತೀನಿ, ಈ ಹನ್ನೊಂದು ವಾರ ಹಾಗೇ ಕೂತಿದ್ದೀನಿ. ಈಗ ನೀನು ಕೂರಿಸಿದ ಕಿಟಕಿಗಳು ಎಷ್ಟು ಚೆನ್ನಾಗಿವೆ ಅಂದ್ರೆ ಹೊರಗಿನ ಸದ್ದೂ ಕೇಳ್ಸಲ್ಲ. ಬೆಚ್ಚಗಿರುತ್ತೆ ಮನೆ. ಬೆಚ್ಚಗಿರೋ ಮನೇಲಿ ನಾನೂ ಈ ಕಳ್ಳ ಬಿಷಪ್ಪೂ. ಅಷ್ಟೇ... ಇರು, ಮೂಗು ಒರೆಸ್ಕೋತೀನಿ, ಕರವಸ್ತ್ರ ಇಲ್ಲೇ ಎಪ್ರನ್ ಜೇಬಲ್ಲಿ...

ಏನದು ಉರುಳಿದ್ದು?

ಹೂಂ. ರೇಡಿಯೋ ಗುಂಡಿ. ಬೆಕ್ಕು ನುಂಗಿರ್ಲಿಲ್ಲ. ನಗು. ನಗೋ, ನಿಂದೇ ಕಾಲ.

ಅದೇನು, ಜೇಬಿಂದ ತೆಗೀತಿದ್ದೀ? ಪೇಪರ್ ತುಂಡು... ಇದೇ ಸುದ್ದಿ! ನೀನೇ ಕತ್ತರಿಸಿ ಇಟ್ಕೊಂಡಿದ್ಯಾ? ಗುರುವಾರಾನೇ ಓದಿದ್ದೆ! ಓದಿ, ಎಲ್ಲಾ ಗೊತ್ತಿದ್ದೂ, ಇಷ್ಟು ಹೊತ್ತು ನಾನು ಹಲ್ಲುಜ್ಜೋ ಬ್ರಷ್ಷು, ಬುಧವಾರ, ಗೊರಕೆ ಅಂತ ಬಡಬಡಿಸೋದನ್ನ ಕೇಕು ತಿನ್ನುತ್ತಾ ಕೇಳ್ತಾ ಕೂತಿದ್ಯಾ? ಥೂ! ಮೂಗ ಅಂದ್ಕೊಂಡಿದ್ದೆ, ನೀನು ಮಹಾ ಖದೀಮ ಕಣೋ!

...ಹಾಗಾದ್ರೆ ಆ ಎರಡು 'ಬೇಡ' ಯಾವುದಕ್ಕೆ? ರಿಯಾಯಿತಿಗಾ? ಕಾಗದದ ಮೇಲಿನ ಮದ್ವೆಗಾ? ನಿನ್ನ ಮನೇಲಿ ನೀನು, ನನ್ನ ಮನೇಲಿ ನಾನು ಅಂದಿದ್ದಕ್ಕಾ? ಹೇಳೋ... ಹೇಳಲ್ಲ. ನೀನೆಲ್ಲಿ ಹೇಳ್ತೀಯ. ನಮ್ಮೂರಲ್ಲಿ ಮೂರನೇ ಸಲ ಕೇಳ್ಬೇಕು.

ಸರಿ. ಕೇಳ್ತೀನಿ. ಇದರಲ್ಲಿ ತೆರಿಗೆ ಇಲ್ಲ, ಕಿಟಕಿ ಇಲ್ಲ, ಬರ್ನೀಸ್ ಇಲ್ಲ. ಒಂದು ಡಾಲರ್ ಲಾಭ ಇಲ್ಲ ನಿಂಗೆ, ಮೊದಲೇ ಹೇಳ್ಬಿಡ್ತೀನಿ. ಕಾಗದದ ಮೇಲಲ್ಲ, ಈ ಮನೇಲಿ, ಈ ಒಲೆ ಮುಂದೆ. ಗೊರಕೆ ಸಮೇತ. ನಂಗೆ ನೀನಂದ್ರೆ ಇಷ್ಟ ಕಣೋ. ಓರಿನ್... ನನ್ನ ಮದ್ವೆ ಆಗ್ತೀಯಾ?

...

ಓರಿನ್?

...

ಅದ್ಯಾಕೆ ಮುಖ ತಿರುಗಿಸ್ದೆ? ಕೈ ಎಲ್ಲಿಗೆ ಹೋಗ್ತಿದೆ... ಗುಂಡಿ? ಕೋಟಿನ ಗುಂಡಿ ಬಿಚ್ತಿದ್ದೀಯಾ? ಅಯ್ಯೋ! ಕೋಟು ಬಿಚ್ತಿದ್ದೀಯಾ! ಅಲ್ಲಿ, ಆ ಮೊಳೆಗೆ ನೇತು ಹಾಕು... ಇರು, ಇರು. ಅದೇನದು? ಟೈ! ಬಿಳೀ ಶರ್ಟು, ಕೆಂಪು ಟೈ! ಕಿಟಕಿ ಹಾಕೋಕೆ ಯಾರಾದ್ರೂ ಟೈ ಕಟ್ಕೊಂಡು ಬರ್ತಾರೇನೋ ಹುಚ್ಚಪ್ಪ! ಇದನ್ನ ಒಳಗೆ ಮುಚ್ಚಿಟ್ಕೊಂಡು ಬೆವರು ಸುರಿಸ್ಕೊಂಡು ಕೂತಿದ್ಯಾ? ನೀನೇ ಕೇಳೋಣ ಅಂತಾನಾ ಬಂದಿದ್ದು?... ಎಷ್ಟು ಶನಿವಾರದಿಂದ ಹೀಗೆ ಕಟ್ಕೊಂಡು ಬರ್ತಿದ್ದೀಯ?

ಬೆರಳಲ್ಲಿ ಎಣಿಸ್ಬೇಡ, ಬಾಯಿಬಿಟ್ಟು ಹೇಳು... ಒಂದು, ಎರಡು, ಮೂರು, ನಾಲ್ಕು... ಐದಾ! ಐದು ಶನಿವಾರಾನಾ!

ಅಯ್ಯೋ... ಇನ್ನೊಂದು ಕೈ ಬೆರಳೂ ಯಾಕೋ ಬಿಡಿಸ್ತಿದ್ದೀ?