ಕೊಡ ಬಿಟ್ಟು ಬಾವಿಗೆ ಹೋದ ಕೆಂಚವ್ವ

ಹತ್ರ ಸರದು ಕೂಡ್ರಿ, ಕೂಸುಗಳನ್ನ ತೊಡಿಮ್ಯಾಲೆ ಹಾಕ್ಕೋರಿ. ಯಾವ ಸೀಮಿ, ಯಾವ ಊರು ಅಂತ ಕೇಳಬ್ಯಾಡ್ರಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಆಗೆಲ್ಲಾ ಹೆಂಗಿತ್ತಂತೀರಿ? ಸಂಜಿಗೆ ಕುರಿ ಮನಿಗೆ ಬರೋ ಮುಂದ ಓಣಿತುಂಬ ಧೂಳ, ಧೂಳಿನತುಂಬ ಗಂಟಿ ಸಪ್ಪಳ.

ಅಂಥಾ ಓಣ್ಯಾಗ ಲಗಮವ್ವ ಅಂತ ಒಬ್ಬಾಕಿ ಇದ್ಳು. ಮಗ ಮಾಳಪ್ಪ, ಕುರಿ ಕಾಯಾಂವ. ಸೊಸಿ ಕೆಂಚವ್ವ, ಹೊಳಿದಂಡಿ ಊರಿಂದ ಬಂದಾಕಿ. ಹೊಳಿ ತುಂಬಿ ಹರದು ತವರಿಗೆ ಹೋಗಾಕ ಆಗಲಿಲ್ಲ; ಗಂಡನ ಮನ್ಯಾಗ ಹೆಣ್ಣುಕೂಸು ಹಡದ್ಳು. ಗಂಡ ಮೇವು ಹುಡಿಕ್ಕೊಂಡು ದೂರದ ಅಡವ್ಯಾಗ. ಕೂಸು ಗುಂಡಗುಂಡಗ ಇತ್ತು. ತಾಯಿಗೆ ಮಾತ್ರ ಊಟ ಸೇರವಲ್ದು, ನಿದ್ದಿ ಬರವಲ್ದು, ಕೂಸಿನ ಮ್ಯಾಲೆ ಮನಸ ಹೋಗವಲ್ದು.

ನಾದಿನಿ ಅಂದ್ಳು, "ಮೈಗಳ್ಳತನ. ಕೆಲಸ ಹಚ್ರಿ." ಹಚ್ಚಿದ್ರು. ಹೋತೇನು? ಹೋಗಲಿಲ್ಲ.

ದೇವರು ಹೇಳಾಂವ ಬಂದ. "ಗಾಳಿ ಬಡದೈತಿ" ಅಂತ ಬೇವಿನ ತಪ್ಪಲದಿಂದ ಹೊಡದ. ಹೋತೇನು? ಹೋಗಲಿಲ್ಲ.

ಮಾಳಪ್ಪ ಬಂದ. ಸಂತಿಂದ ಹಸರ ಸೀರಿ ತಂದು, "ಇನ್ನ ನಗು" ಅಂದ. ನಕ್ಕಳೇನು? ಸೀರಿ ಹಸರಿತ್ತು, ಮಾರಿ ಒಣಗಿತ್ತು. ಆಂವ ಮತ್ತ ಕುರಿ ಹೊಡಕೊಂಡು ಹೋದ.

ಕೇಳ್ರಿ ಮತ್ತ. ಒಂದು ಮಧ್ಯಾಹ್ನ ತೊಟ್ಟಿಲದಾಗ ಕೂಸು ಒಂದೇ ಸವನ ಅಳಾಕ ಹತ್ತಿತ್ತು. ಲಗಮವ್ವ ಹಿತ್ತಲದಿಂದ ಬಂದು, "ಕೆಂಚೀ!" ಅಂದ್ಳು. ಓ ಅನ್ನಲಿಲ್ಲ.

"ಈಗರ ಬಾವಿ ಕಡೆ ಹೋದ್ಳಲ್ಲ" ಅಂದ್ಳು ನೆರಮನಿಯಾಕಿ.

ಲಗಮವ್ವ ಒಳಗ ನೋಡ್ತಾಳ: ಕೊಡ ಅಲ್ಲೇ ಐತಿ, ಹಗ್ಗ ಅಲ್ಲೇ ಐತಿ. ಕೂಸಿನ್ನ ಬಗಲಾಗ ಎತ್ತಿಕೊಂಡು ಓಡಿದ್ಳು.

ಕೆಂಚವ್ವ ಬಾವಿಯ ಕಡೀ ಮೆಟ್ಟಲದಾಗ ನೀರಿಗೆ ಕಾಲ ಇಳಿಬಿಟ್ಟು ಕುಂತಿದ್ಳು. ಲಗಮವ್ವ ಚೀರಲಿಲ್ಲ, ಬಯ್ಯಲಿಲ್ಲ. ಸಾವಕಾಶ ಇಳದು ಬಾಜೂಕ ಕುಂತು ಆಕಿ ಕೈ ಗಟ್ಟಿ ಹಿಡದ್ಳು.

"ಸಾಯಾಕ ಬಂದೀಯೇನ, ನನ್ನವ್ವಾ?"

"ಗೊತ್ತಿಲ್ರಿ ಅತ್ತಿ. ಕೂಸು ಅತ್ರ ಯಾರದೋ ಮನ್ಯಾಗ ಅತ್ತಂಗ ಕೇಳತೈತಿ. ನಾ ಎಂಥಾ ತಾಯಿರಿ?"

"ನನ್ನಂಥಾ ತಾಯಿ" ಅಂದ್ಳು ಲಗಮವ್ವ. "ಮಾಳಪ್ಪ ಹುಟ್ಟಿದಾಗ ನನಗೂ ಹಿಂಗ ಆಗಿತ್ತು. ಆಂವನ್ನ ಮುಟ್ಟಾಕ ಮನಸಾಗತಿರಲಿಲ್ಲ. ನನಗೂ ಬೇವಿನ ತಪ್ಪಲದಿಂದ ಹೊಡದ್ರು. ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಿನಗ ಹೊಡಿಯೋ ಮುಂದೂ ಸುಮ್ಮನ ನಿಂತೆ. ತಪ್ಪಾತವ್ವಾ."

ಕೆಂಚವ್ವ ಮಾರಿ ಎತ್ತಿ ನೋಡಿದ್ಳು. "ನಿಮಗ ಹೆಂಗ ಕಡಿಮಿ ಆತ್ರಿ?"

"ನಮ್ಮಕ್ಕ ಬಂದು ಜೋಡಿ ಇದ್ಳು. ಕೂಸಿನ್ನ ತಾ ಹಿಡದು ನನಗ ಮಲಗಾಕ ಬಿಟ್ಳು. ಅಳು ಬಂದ್ರ ಅಳು ಅಂದ್ಳು. ಒಮ್ಮಿಗೇ ಹೋಗಲಿಲ್ಲ ಅದು. ಆದ್ರ ಹೋತು. ಏಳು, ಮನಿಗೆ ಹೋಗೂಣು."

ಅವತ್ತಿಂದ ರಾತ್ರಿ ಕೂಸು ಲಗಮವ್ವನ ಮಗ್ಗಲಾಗ. ಹೊಳಿ ಇಳದ ಮ್ಯಾಲೆ ಕೆಂಚವ್ವನ ತಾಯಿನ್ನ ಕರಸಿದ್ರು. "ಈ ವರ್ಷ ಕುರಿ ಊರ ಸಮೀಪನ ಮೇಯಲಿ" ಅಂತ ಲಗಮವ್ವ ಮಗಗ ಹೇಳಿದ್ಳು, ಆಂವ ಕೇಳಿದ. ಕೆಂಚವ್ವ ಒಂದಿನ ಎದ್ದು ತಲಿ ಬಾಚಿಕೊಳ್ಳತಿದ್ಳು, ಒಂದಿನ ಗ್ವಾಡಿಗೆ ಮಾರಿ ಮಾಡಿ ಮಲಗತಿದ್ಳು.

"ಇವತ್ತ ಆಗವಲ್ದ್ರಿ ಅತ್ತಿ."

"ಆಗದಿದ್ರ ಬಿಡು, ಮಲಕ್ಕೋ."

ಜ್ವಾಳ ತೆನಿಗೆ ಬರೋ ಹೊತ್ತಿಗೆ ಒಂದು ಮುಂಜಾನೆ ತಾನಾಗೇ ಕೈ ಚಾಚಿದ್ಳು. "ಕೊಡ್ರಿ ಅತ್ತಿ, ನನ್ನ ಮಗಳನ್ನ."

ನಮ್ಮಜ್ಜಿ ಕಾಲಕ್ಕ ಬಾಣಂತಿ ನೋಡಾಕ ಬಂದ ಹೆಂಗಸ್ರು ಗಂಡೋ ಹೆಣ್ಣೋ ಅಂತ ಮೊದಲ ಕೇಳತಿರಲಿಲ್ರಿ. ಹೊಸ್ತಿಲದಾಗ ನಿಂತು, "ನಿದ್ದಿ ಆತೇನವ್ವಾ?" ಅಂತಿದ್ರು. ಆ ಮಾತು ಲಗಮವ್ವನಿಂದ ಬಂದದ್ದಂತ. ಹಂಗ ಕೇಳೋ ಹೆಂಗಸ್ರು ಒಬ್ಬೊಬ್ಬರಾಗಿ ತೀರಿಹೋದ್ರು. ಕಥಿ ನನ್ನ ಬಾಯಿಂದ ಇಳೀತು, ನಿಮ್ಮ ಉಡಿಗೆ ಬಿತ್ತು. ಗಂಟು ಹಾಕ್ಕೊಂಡು ಮನಿಗೆ ಒಯ್ರಿ.