ಮೊಂಜಿಯ ಹೆಸರಲ್ಲಿ ಬಿದ್ದ ಬೀಗ

ದೀಪ ಸಣ್ಣ ಮಾಡು... ಹೇಳ್ತೀನಿ. ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗಳು ವಹೀಬಕ್ಕನಿಗೆ ಇದೇ ಸ್ಫಾಕ್ಸ್ ಊರಲ್ಲಿ ಆಗಿದ್ದು.

ಅಕ್ಕನೂ ಅವಳ ಗಂಡ ಮೊಂಜಿಯೂ ಒಂದೇ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿದ್ದರು. ರೋಗಿಗಳ ವಿವರವೆಲ್ಲ ಇರುವ ಡೇಟಾಬೇಸ್ ನೋಡಿಕೊಳ್ಳೋ ಕೆಲಸ. ಮೊಂಜಿ ಎದೆನೋವು ಅಂತ ಅಲ್ಲೇ ಸೇರಿದ, ಅಲ್ಲೇ ತೀರಿಕೊಂಡ. ಸತ್ತ ನಲವತ್ತನೇ ದಿನದ ಕುಸ್‌ಕುಸ್ ಊಟ ಹಂಚಿದ್ದೂ ಆಯ್ತು. ಆದರೆ ಆಸ್ಪತ್ರೆಯ ಲೆಕ್ಕದಲ್ಲಿ ಅವನಿನ್ನೂ ಒಳರೋಗಿ. ನೋಂದಣಿ ಕೌಂಟರಿನ ಮುದುಕ ಖಮೈಸ್ 'ಸತ್ತದ್ದು ಬರೆಯಲಾ' ಅಂತ ಕೇಳಿದಾಗೆಲ್ಲ ಅಕ್ಕ, "ನಾಳೆ ಬರೀರಿ ಮಾವಾ" ಅಂತಿದ್ದಳು.

ಅವತ್ತು ಕತ್ತಲಾದ ಮೇಲೆ ಮನೆಗೆ ಹೊರಟಿದ್ದಾಳೆ. ಆಲಿವ್ ತೋಟದ ಹಾಳು ಬಾವಿ ಹತ್ತಿರ... ಕಿರ್ರ್... ಕಿರ್ರ್... ರಾಟೆ ತಿರುಗೋ ಸದ್ದು. ರಾಟೆಗೆ ಹಗ್ಗವೇ ಇಲ್ಲ. ಗಾಳಿಯೂ ಇಲ್ಲ. ನಿಂತಳು. ಅಷ್ಟರಲ್ಲಿ ಖಮೈಸ್ ಫೋನು.

"ಎಲ್ಲಾ ಕಂಪ್ಯೂಟರ್ ಪರದೆ ನಿಂತುಬಿಟ್ಟಿವೆ ಮಗಳೇ. ರಕ್ತನಿಧಿಯದ್ದೂ. ಹೆರಿಗೆ ವಾರ್ಡಲ್ಲಿ ಒಬ್ಬಳಿಗೆ ರಕ್ತ ನಿಲ್ತಿಲ್ಲ."

"ನೀವೇನು ಮಾಡಿದ್ರಿ?"

"ಮೇಲಿನವರು ಬಿಡಲಿಲ್ಲ, ಇವತ್ತೇ ಆಗಬೇಕು ಅಂದ್ರು... ಮೊಂಜಿ ಸತ್ತದ್ದು ಬರೆಯೋಕೆ ಹೋದೆ."

ಅಕ್ಕ ವಾಪಸ್ ಆಸ್ಪತ್ರೆಗೆ ಓಡಿದಳು.

"ನಿನ್ನ ಗಂಡ ಇದ್ದಾಗ ಯಂತ್ರಗಳು ಅವನಿಗೆ ಹೆದರ್ತಿದ್ವು," ಅಂದ ಖಮೈಸ್, ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ. "ಈಗ ನಮ್ಮನ್ನ ಹೆದರಿಸ್ತಿವೆ." ನಗೋಕೆ ನೋಡಿದ. ಆಗಲಿಲ್ಲ.

ವಿಷಯ ಇಷ್ಟೇ. ಒಬ್ಬರು ಒಂದು ದಾಖಲೆ ತಿದ್ದುತ್ತಿದ್ದರೆ ಅದಕ್ಕೆ ಬೀಗ ಬೀಳುತ್ತೆ. ಅವರು ಮುಗಿಸೋವರೆಗೂ ಬೇರೆಯವರು ತಿದ್ದೋ ಹಾಗಿಲ್ಲ, ಕಾಯಬೇಕು. ಖಮೈಸ್ ಮತ್ತೆ ಮತ್ತೆ ಒತ್ತಿದ್ದ, ಆಗದ್ದು ನೋಡಿ ಬೇರೆ ಕೌಂಟರಿನವರೂ ಅದನ್ನೇ ಒತ್ತಿದ್ದರು. ಕಾಯುವವರೇ ತುಂಬಿಕೊಂಡು, ರಕ್ತನಿಧಿಗೆ ಒಳಗೆ ಬರಲು ದಾರಿಯೇ ಇರಲಿಲ್ಲ.

ಅಕ್ಕ ಸಾಲಿನ ತುದಿ ಹುಡುಕಿದಳು. ಎಲ್ಲರೂ ಯಾರಿಗೆ ಕಾಯ್ತಿದ್ದಾರೆ?

ಮೊಂಜಿ.

ಅವನದೇ ಹೆಸರು. ಅವನದೇ ಕಂಪ್ಯೂಟರಿಂದ. ಅದರ ತಂತಿಯನ್ನು ಅವನು ಸತ್ತ ವಾರವೇ ಕಿತ್ತಿಟ್ಟಿದ್ದರು.

ಆ ಸಂಪರ್ಕ ಕತ್ತರಿಸಿದಳು. ಹೋಯ್ತು... ಮತ್ತೆ ಬಂತು. ಇನ್ನೊಮ್ಮೆ ಕತ್ತರಿಸಿದಳು. ಬಂತು. ಹಿಂದೆ, ಅವನ ಮೇಜಿನ ಮೂಲೆಯಿಂದ... ಟಕ್... ಟಕ್ ಟಕ್... ಮೆಲ್ಲಗೆ ಕೀಲಿಮಣೆ ಒತ್ತೋ ಸದ್ದು. ಅಕ್ಕ ತಿರುಗಿ ನೋಡಲಿಲ್ಲ. ನೋಡಿದರೆ ಅಲ್ಲಿ ಯಾರೂ ಇರೋಲ್ಲವೇನೋ ಅನ್ನೋ ಭಯ, ಅಂತ ಆಮೇಲೆ ನನಗೆ ಹೇಳಿದಳು.

"ಮೊಂಜಿ," ಪಿಸುಗುಟ್ಟಿದಳು. "ಬಿಡು. ಅಲ್ಲೊಬ್ಬಳು ಸಾಯ್ತಿದ್ದಾಳೆ."

ಟಕ್... ಟಕ್...

"ಬೇರೆಯವರು ಬರೆಯೋದು ಬೇಡ ಅಂತಾನಾ? ನಾನು ಬರೆದ್ರೆ... ಬಿಡ್ತೀಯಾ?"

ಸದ್ದು ನಿಂತಿತು.

ಖಮೈಸ್ ಮುಖ ಆ ಕಡೆ ಮಾಡಿಕೊಂಡ. ಅಕ್ಕ ಗಂಡನ ದಾಖಲೆ ತೆರೆದಳು. 'ಒಳರೋಗಿ' ಅನ್ನೋದನ್ನ ಅಳಿಸಿದಳು. 'ಮೃತ' ಅಂತ ತನ್ನ ಬೆರಳಿಂದಲೇ ಬರೆದಳು. ತಾರೀಕು ಹಾಕಿದಳು. ಒತ್ತಿದಳು.

ಒಂದು ಚಣವೂ ತಡೆಯಲಿಲ್ಲ. ಕೆಳಗೆ ಪ್ರಿಂಟರುಗಳು ಗರ್ರ್ ಅಂತ ಒಟ್ಟಿಗೆ ಎದ್ದವು. ಯಾರೋ ರಕ್ತದ ಚೀಲ ಹಿಡಿದು ಮೆಟ್ಟಿಲಲ್ಲಿ ದಡದಡ ಓಡಿದರು. ಆ ಹೆಂಗಸು ಉಳಿದಳು.

ಅಕ್ಕ ಅಲ್ಲೇ, ಕೀಲಿಮಣೆ ಮೇಲೆ ಹಣೆಯಿಟ್ಟು ಅತ್ತಳು. ಅವನು ಸತ್ತ ದಿನವೂ ಅವಳು ಅತ್ತಿರಲಿಲ್ಲ.

ಖಮೈಸ್ ಫೋನ್ ಮಾಡಿದ್ದಕ್ಕೆ ನಾನೇ ಹೋಗಿ ಮನೆಗೆ ಕರೆತಂದೆ. ತಾನೇ ಹಾಕಿಹೋಗಿದ್ದ ಬೀಗ ಅಕ್ಕ ತೆಗೆದಳು. ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟು ನೂಕಿದೆ. ಇಲ್ಲ. ಪಕ್ಕದ ಮನೆಯ ತಾರಸಿ ಹತ್ತಿ ಅಂಗಳಕ್ಕೆ ಇಳಿದೆ. ಒಳಗೆ ಯಾರೂ ಇರಲಿಲ್ಲ. ಬಾಗಿಲಿಗೆ ಒಳಗಿಂದ ಅಗುಳಿ ಹಾಕಿತ್ತು.

ನೀನು ನಂಬು, ಬಿಡು. ಆ ಅಗುಳಿ ತೆಗೆದಿದ್ದು ಇದೇ ಕೈ.